ಎಡಗಡೆಯ ಮೈಲವ್ವ

“ಅಮ್ಮ, ಮುಖಕ್ಕೆ ಸ್ವಲ್ಪ ಕಲ್ಲಿದ್ದಲು ಹಚ್ಕೊಂಡು ಬನ್ನಿ,” ಎಂದಳು ತರಬೇತಿ ಸಂಸ್ಥೆಯ ಸುಶ್ಮಿತಾ.

ಮೈಲವ್ವ ತಾನೇ ತಪ್ಪು ಕೇಳಿಸಿಕೊಂಡೆನೇನೋ ಎಂದುಕೊಂಡಳು. ರಾಣೆಬೆನ್ನೂರಿನ ಕಲ್ಲಿದ್ದಲು ಡಿಪೋದಲ್ಲಿ ಹದಿನೆಂಟು ವರ್ಷ ಬುಟ್ಟಿ ಹೊತ್ತವಳು ಅವಳು. ಮಿಲ್ಲಿನವರೆಲ್ಲ ಕಲ್ಲಿದ್ದಲು ಬಿಟ್ಟು ಬಿಸಿಲನ್ನು ನೆಚ್ಚಿಕೊಂಡ ಮೇಲೆ ಡಿಪೋ ಬಾಗಿಲು ಹಾಕಿತು. ಅಲ್ಲಿದ್ದ ಇಪ್ಪತ್ತು ಆಳುಗಳಿಗೆ ಸೋಲಾರ್ ಕೆಲಸ ಕಲಿಸುತ್ತೇವೆಂದು ಬೆಂಗಳೂರಿನಿಂದ ಒಂದು ಸಂಸ್ಥೆ ಬಂದಿತ್ತು. ಐದು ದಿನದ ತರಬೇತಿ. ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ಮೂರು ದಿನ ಭಾಷಣ, ಒಂದು ದಿನ ಟೋಪಿ ಹಂಚಿಕೆ. ನಿಜವಾದ ಪ್ಯಾನೆಲ್ಲು ಕಣ್ಣಿಗೆ ಬಿದ್ದದ್ದು ಕಡೆಯ ದಿನ, ಅದೂ ಫೋಟೋಕ್ಕೆ. ಫೋಟೋ ಅಂದರೆ ಸುಮ್ಮನೆಯೇ? ಮೈಲವ್ವ ಸೀಗೆಕಾಯಿ ಹಾಕಿ ಎರೆದುಕೊಂಡು, ಮಗಳ ಮದುವೆಯಲ್ಲಿ ಉಟ್ಟಿದ್ದ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಉಗುರಿನ ಸಂದಿಯ ಕಪ್ಪು ಹೋಗಲಿಕ್ಕೇ ಮೂರು ತಿಂಗಳು ಹಿಡಿದಿತ್ತು.

“ಮಾರಿ ತೊಳ್ಕೊಂಡ ಬಂದೇನ್ರಿ ಅಕ್ಕಾರ.”

“ಅದೇ ತೊಂದರೆ ಆಗಿರೋದು. ‘ಅಂದು’, ‘ಇಂದು’ ಅಂತ ಎರಡು ಫೋಟೋ ಬೇಕು. ಅಂದು ನೀವು ಕಪ್ಪಗಿರಬೇಕು. ಆಮೇಲೆ ತೊಳ್ಕೊಂಡು ಬನ್ನಿ, ಹೆಲ್ಮೆಟ್ ಹಾಕಿ, ಪ್ಯಾನೆಲ್ ಪಕ್ಕ ನಿಲ್ಲಿಸಿ ಇನ್ನೊಂದು ತೆಗೀತೀವಿ.”

ಹೊಸ ಸೋಲಾರ್ ಘಟಕದ ನೌಕರಿಗೆ ಹೆಸರು ಬರೆಯುವ ಪೆನ್ನು ಸುಶ್ಮಿತಾಳ ಕೈಯಲ್ಲಿತ್ತು. ಮೈಲವ್ವ ಸೆರಗು ಸಿಕ್ಕಿಸಿಕೊಂಡು ಕಲ್ಲಿದ್ದಲು ಹುಡುಕಲು ಹೊರಟಳು. ಡಿಪೋದಲ್ಲಿ ಒಂದು ಹರಳೂ ಇರಲಿಲ್ಲ. ಗುಡಿಸಿ, ನೀರು ಹೊಡೆದು, ‘ಇಲ್ಲಿ ಹಸಿರು ಉದ್ಯಾನ ಬರಲಿದೆ’ ಎಂದು ಹಲಗೆ ನೆಟ್ಟಿದ್ದರು. ಕೊನೆಗೆ ಕುಡಗೋಲು ಬಡಿಯುವ ಇಸಾಕಸಾಬನ ಕುಲುಮೆಗೆ ಹೋದಳು.

“ಇದ್ದದ್ದ ಒಂದು ಚೀಲ ಐತಿ ಮೈಲವ್ವ, ಜ್ವಾಕಿ ಮಾಡಿ ಉರಸಾಕತ್ತೇನಿ. ಒಂದು ಹಿಡಿ ತಗೊಂಡು ಏನ ಮಾಡ್ತಿ?”

“ಮಾರಿಗೆ ಹಚ್ಕೋಬೇಕೋ ಇಸಾಕಣ್ಣ.”

“ಯಾಕ?”

“ನಾ ಕಲ್ಲಿದ್ದಲಾ ಬಿಟ್ಟೇನಿ ಅಂತ ಮಂದಿಗೆ ತೋರ್ಸಾಕ.”

ಇಸಾಕಸಾಬ ಸುತ್ತಿಗೆ ಕೆಳಗಿಟ್ಟು ಅವಳ ಮುಖವನ್ನೇ ನೋಡಿದ. ಚೀಲಕ್ಕೆ ಕೈ ಹಾಕಿ ಹಿಡಿ ತುಂಬ ಕೊಟ್ಟ.

ತರಬೇತಿ ನಡೆದ ಕಟ್ಟಡದ ಅಂಗಳದಲ್ಲಿ ಮೈಲವ್ವ ಕೆನ್ನೆಗೆ, ಹಣೆಗೆ, ಕೈಗೆ ಪುಡಿ ತಿಕ್ಕಿಕೊಂಡಳು. ಇಳಕಲ್ ಸೀರೆ ನಡೆಯುವುದಿಲ್ಲವೆಂದು ಯಾರದೋ ಹಳೆಯ ಸೀರೆ ಸುತ್ತಿಸಿದರು. ಖಾಲಿ ಬುಟ್ಟಿಯೊಂದನ್ನು ತಲೆಯ ಮೇಲಿಟ್ಟರು. “ಮುಖದಲ್ಲಿ ಸ್ವಲ್ಪ ದುಃಖ ಇರಲಿ ಅಮ್ಮ,” ಎಂದಳು ಸುಶ್ಮಿತಾ. ಸುತ್ತ ನಿಂತ ಡಿಪೋದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಮೈಲವ್ವನಿಗೂ ನಗು ತಡೆಯಲಾಗಲಿಲ್ಲ. ನಾಲ್ಕು ಸಲ ಫೋಟೋ ಕೆಟ್ಟಿತು. ಐದನೆಯ ಸಲ ಅವಳಿಗೆ ತನ್ನ ಇಳಕಲ್ ಸೀರೆ ನೆನಪಾಯಿತು. ಅದನ್ನು ಯಾರೋ ಸುರುಳಿ ಸುತ್ತಿ ಕಟ್ಟೆಯ ಮೇಲೆ ಒಗೆದಿದ್ದರು. “ಹಾಂ, ಇದೇ, ಇದೇ!” ಎಂದು ಸುಶ್ಮಿತಾ ಕ್ಲಿಕ್ಕಿಸಿದಳು.

ನಳಕ್ಕೆ ನೀರು ಬಂದಿರಲಿಲ್ಲ. ಬಕೆಟ್ಟಿನ ತಳದಲ್ಲಿದ್ದಷ್ಟರಲ್ಲಿ ತೊಳೆದುಕೊಂಡರೆ ಕಪ್ಪು ಹೋಗಲಿಲ್ಲ, ಹರಡಿತು. ಮೈಲವ್ವ ಪಕ್ಕದ ಮನೆಗೆ ಓಡಿ ಸಾಬೂನು ಕೇಳಿ, ಕಣ್ಣುರಿಯುವ ಹಾಗೆ ತಿಕ್ಕಿ ತಿರುಗಿ ಬರುವ ಹೊತ್ತಿಗೆ ಹೆಲ್ಮೆಟ್ ಇನ್ನೊಬ್ಬರ ತಲೆಯ ಮೇಲಿತ್ತು. ಸಂಸ್ಥೆಯಲ್ಲಿ ಹಾಜರಿ ಬರೆಯುವ ಹುಡುಗಿ ಕಾವ್ಯಾ, ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಪ್ಯಾನೆಲ್ಲಿನ ಪಕ್ಕ ನಿಂತಿದ್ದಳು.

“ನಾ ಒಲ್ಲೆ ಅಂದೆರಿ,” ಎಂದಳು ಕಾವ್ಯಾ ತಲೆ ತಗ್ಗಿಸಿ. “ಇವರಽ ಬಂದ್ರಲ್ಲ ಮೇಡಂ, ಇವರನ್ನಽ ನಿಲ್ಲಸ್ರಿ.”

“ಬಿಸಿಲು ಹೋಗ್ತಾ ಇದೆ ಕಾವ್ಯಾ, ಅಲ್ಲಾಡಬೇಡ,” ಎಂದಳು ಸುಶ್ಮಿತಾ. “ಜಾಕೆಟ್ ಬೇರೆ ಅಮ್ಮನಿಗೆ ಬಿಗಿಯಾಗುತ್ತೆ.”

ಹದಿನೈದು ದಿನಕ್ಕೆ ಬಸ್ ಸ್ಟ್ಯಾಂಡಿನೆದುರು ದೊಡ್ಡ ಫಲಕ ಏರಿತು. ಎಡಗಡೆ ಮಸಿ ಮೆತ್ತಿದ ಮೈಲವ್ವ, ಬಲಗಡೆ ಹಲ್ಲು ಕಾಣುವಂತೆ ನಕ್ಕ ಕಾವ್ಯಾ. ಡಿಪೋದಲ್ಲಿ ಅವಳ ಜೊತೆ ಬುಟ್ಟಿ ಹೊತ್ತಿದ್ದ ಲಕ್ಕಪ್ಪ ಅಕ್ಷರ ಕೂಡಿಸಿ ಕೂಡಿಸಿ ಓದಿದ: “ಮೈಲವ್ವ. ಅಂದು ಕಲ್ಲಿದ್ದಲು ಹೊರುವಾಕೆ. ಇಂದು ಸೋಲಾರ್ ಘಟಕದ ಮೇಲ್ವಿಚಾರಕಿ.” ಆಮೇಲೆ ಅವಳನ್ನು ಮೇಲಿಂದ ಕೆಳಗೆ ನೋಡಿ, “ನೌಕರಿ ಸಿಕ್ಕಿದ್ದಽ ಮೂವತ್ತು ವರ್ಷ ಸಣ್ಣಾಕಿ ಆಗೀಯಲ್ಲಬೆ!” ಎಂದ. ಬಸ್ಸಿಗೆ ಕಾದವರೆಲ್ಲ ನಕ್ಕರು. ಈ ಸಲ ಮೈಲವ್ವ ನಗಲಿಲ್ಲ. ನೆಟ್ಟಗೆ ಸಂಸ್ಥೆಯ ಆಫೀಸಿಗೆ ನಡೆದಳು.

ಸುಶ್ಮಿತಾ ಕಂಪ್ಯೂಟರಿನಲ್ಲಿ ಹುಡುಕಿದಳು. “ನಿಮ್ಮ ಹೆಸರು ಕೆಲಸ ಸಿಕ್ಕವರ ಪಟ್ಟಿಗೆ ಹೋಗಿದೆ ಅಮ್ಮ. ವರದಿ ದೆಹಲಿಗೂ ತಲುಪಿದೆ.”

“ಕೆಲಸ ಸಿಕ್ಕಿಲ್ಲಲ್ರಿ?”

“ಸಿಕ್ಕಿಲ್ಲ, ಗೊತ್ತು. ನಿಮಗೆ ಕೊಡಬೇಕಿದ್ದ ಪ್ಯಾನೆಲ್ ತೊಳೆಯೋ ಕೆಲಸಕ್ಕೆ ಘಟಕದಲ್ಲಿ ಮಷಿನ್ ಬಂತು. ಆದರೆ ಸಿಕ್ಕವರ ಪಟ್ಟೀಲಿ ಇರೋರನ್ನ ಸಿಗದವರ ಪಟ್ಟಿಗೆ ಹಾಕೋಕೆ ಬರಲ್ಲ. ನಿಮಗೆ ಒಳ್ಳೆಯದಾಗಿದೆ ಅಂತಲೇ ಲೆಕ್ಕ.”

ಮೈಲವ್ವ ಸೆರಗು ಸರಿಮಾಡಿಕೊಂಡು, ಬಲು ವಿನಯದಿಂದ ಕೈಮುಗಿದಳು.

“ಹಂಗಾರ ಒಂದು ಉಪಕಾರ ಮಾಡ್ರಿ ಅಕ್ಕಾರ. ಬಲಗಡಿ ಮೈಲವ್ವ ದೊಡ್ಡ ಹುದ್ದೇದಾಗ ಅದಾಳಂತ. ಆಕಿ ಕೈಕೆಳಗ ಕಸಾ ಹೊಡಿಯೂ ಕೆಲಸ ಏನರೆ ಐತೇನು, ಎಡಗಡಿ ಮೈಲವ್ವ ಕೇಳಾಕ ಬಂದಿದ್ಲು ಅಂತ ಹೇಳ್ರಿ.”