ಕಸಕ್ಕೆ ಬಿದ್ದ ದೂರು

ಸೂಪರ್‌ವೈಸರ್ ಮೈಮುಟ್ಟುತ್ತಾನೆಂದು ಗಾರ್ಮೆಂಟ್ಸಿನ ದೂರು ಕಮಿಟಿಗೆ ಶಿವನಂಜಿ ಕಳಿಸಿದ ಮೇಲ್‌ಗಳೆಲ್ಲ ಸ್ಪ್ಯಾಮ್ ಎಂದು ಕಸಕ್ಕೆ ಬಿದ್ದಿದ್ದವು. ದೂರೇ ಬಂದಿಲ್ಲವೆಂದು ಕಮಿಟಿ ಕೈತೊಳೆದುಕೊಂಡಿತು. ಸೂಪರ್‌ವೈಸರ್ ಮೀಸೆ ತಿರುವುತ್ತ ಮತ್ತೆ ಅವಳ ಮಿಷನ್ನಿನ ಹಿಂದೆಯೇ ಬಂದು ನಿಂತ.

"ದೂರು ಬರಿಯೇ, ನಾನಿದ್ದೀನಿ" ಎಂದು ಧೈರ್ಯ ತುಂಬಿದ್ದವಳು ಸಂಘದ ವಿಮಲಕ್ಕ. ಕಾರ್ಮಿಕರ ಪರವಾಗಿ ಕಮಿಟಿಯಲ್ಲಿ ಕೂತವಳೂ ಅವಳೇ. ಅವಳನ್ನು ಕರೆದುಕೊಂಡೇ ಶಿವನಂಜಿ, ಮೇಲ್ ಸರ್ವರ್ ನೋಡಿಕೊಳ್ಳುವ ಇಮ್ತಿಯಾಜನ ಕೋಣೆಗೆ ನುಗ್ಗಿದಳು.

"ನನ್ನ ದೂರು ಕಸ ಅಂತ ನಿಮ್ಮ ಸರ್ವರ್‌ಗೆ ಹೇಳಿಕೊಟ್ಟೋರು ಯಾರ್ರೀ?"

"ನಾನಲ್ಲ ಕಣಮ್ಮ. ಕಮಿಟಿಯೋರು ತಮ್ಮ ಜಂಕ್ ಫೋಲ್ಡರ್‌ಗೆ ಎಸೆದಿದ್ದನ್ನ ಓದಿ, ಸ್ಪ್ಯಾಮ್ ತಡೆಯೋ ಫಿಲ್ಟರ್ ತಾನೇ ಕಲಿಯುತ್ತೆ. ಆಮೇಲೆ ಅಂಥದ್ದು ಬಂದ್ರೆ ಎಲ್ರಿಗೂ ತಡೀತದೆ."

"ನೋಡಿದ್ಯಾ ಅಕ್ಕ? ಕಮಿಟೀಲಿರೋ ಆ ಹಲ್ಕಾ ಮ್ಯಾನೇಜರ್ರೇ ಎಸೆದಿರ್ತಾನೆ!"

"ಬಿಡೇ, ಮಿಷನ್ನು ಮಾಡಿದ ಎಡವಟ್ಟಿಗೆ ಯಾರನ್ನ ಬೈತೀಯ?" ಎಂದಳು ವಿಮಲಕ್ಕ.

ಇಮ್ತಿಯಾಜ್ ಇಲ್ಲವೆಂದು ತಲೆಯಾಡಿಸಿದ. "ಮ್ಯಾನೇಜರ್ ಎಸೆದ್ರೂ ಅದು ಕಲಿಯಲ್ಲ. ಅವರ ಫೋಲ್ಡರ್ ಓದೋಕೆ ಫಿಲ್ಟರ್‌ಗೆ ಪರ್ಮಿಶನ್ನೇ ಇಲ್ಲ. ಕಮಿಟೀಲಿ ಬೇರೆ ಯಾರದ್ದೂ ಓದೋಕಾಗಲ್ಲ, ಎಲ್ಲಾ ಲಾಕ್. 'ನಾನು ಎಸೆದಿದ್ದು ಮತ್ತೆ ಬರಬಾರದು' ಅಂತ ಒಬ್ರು ಮಾತ್ರ ಬಂದು, ಖುದ್ದಾಗಿ ನಿಂತು ತಮ್ಮ ಫೋಲ್ಡರ್‌ಗೆ ಪರ್ಮಿಶನ್ ಹಾಕಿಸ್ಕೊಂಡು ಹೋದ್ರು."

"ಯಾರಣ್ಣ ಅದು? ಹೆಸರು ಹೇಳು, ಗೇಟಿಗೆ ಎಳೆದು ತರ್ತೀವಿ!" ಎಂದಳು ಶಿವನಂಜಿ.

ಇಮ್ತಿಯಾಜ್ ವಿಮಲಕ್ಕನ ಕಡೆ ತಿರುಗಿದ. "ಮೇಡಂ, ನೀವೇ ಹೇಳ್ತೀರಾ, ನಾನು ಹೇಳ್ಲಾ?"