ಹುಣಸೆಮರದ ಅಟ್ಟಣೆ

ಕೋವಿಮದ್ದು ಮತ್ತು ಒದ್ದೆ ಕಂಬಳಿ. ದುರ್ಗಾಳ ಬಾಲ್ಯಕ್ಕೆ ಆ ಎರಡರ ವಾಸನೆಯಿತ್ತು. ಬೆಳಗಾಗುವ ಮೊದಲೇ ಅಪ್ಪ ಓಬಯ್ಯ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ಹುಣಸೆಮರಕ್ಕೆ ಬರುತ್ತಿದ್ದ. ಕೊಂಬೆಗಳ ನಡುವೆ ತಾನೇ ಕಟ್ಟಿದ ಅಟ್ಟಣೆಯ ಮೇಲೆ, ಮಗಳನ್ನು ಕಂಬಳಿಯೊಳಗೆ ಮುಚ್ಚಿಟ್ಟುಕೊಂಡು ಜಿಂಕೆಗೆ ಕಾಯುತ್ತಿದ್ದ. ಆಗ ಉಸಿರು ಬಿಗಿಹಿಡಿಯುವುದು ಅವಳಿಗೊಂದು ಆಟ.

ಈ ಬೆಳಿಗ್ಗೆ ಅದೇ ಅಟ್ಟಣೆಯ ಮೇಲೆ, ಅರಣ್ಯ ಇಲಾಖೆಯ ಖಾಕಿ ತೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಕೂತಿದ್ದ ಅವಳ ಉಸಿರು ತಾನಾಗಿಯೇ ಬಿಗಿದಿತ್ತು. ಮೆಕ್ಕೆಜೋಳದ ಸಾಲಿನಲ್ಲಿ ಒಬ್ಬ ಬರುತ್ತಿದ್ದ. ಹೆಗಲ ಮೇಲೆ ಕಂಬಳಿ ಸುತ್ತಿದ ಉದ್ದನೆಯದೇನೋ ಇತ್ತು. ಅದರ ಹಿಂದಿನ ತುದಿ ಜೋಳದ ಗರಿಗಳಲ್ಲಿ ಮರೆಯಾಗಿತ್ತು. ಎಡಗಾಲನ್ನು ತುಸು ಎಳೆಯುವ ನಡಿಗೆ.

ಆ ನಡಿಗೆಯನ್ನು ಅವಳು ಕತ್ತಲಲ್ಲಿಯೂ ಗುರುತಿಸಬಲ್ಲಳು.

ಹೊಳೆಯಾಚೆಯಿಂದ ಜಿಂಕೆಗಳು ಕಡರನಾಯಕನಹಳ್ಳಿಯ ಜೋಳಕ್ಕೆ ಇಳಿಯುವುದು ಹೊಸದಲ್ಲ. ಆದರೆ ಈಚೆಗೆ ಬದುವಿನ ಪೊದೆಯಲ್ಲಿ ಎರಡು ಜಿಂಕೆ ಚರ್ಮ ಸಿಕ್ಕಿದ್ದವು. ಕಾವಲಿಗೆ ಜಾಗ ಹುಡುಕುತ್ತ ನಿನ್ನೆ ಸಂಜೆ ಅವಳೊಂದಿಗೆ ಬಂದ ಮೇಲಧಿಕಾರಿ ಸಿದ್ದೇಶ್, ಈ ಮರದ ಕೆಳಗೆ ನಿಂತು ಶಿಳ್ಳೆ ಹಾಕಿದ್ದ. ಪಾಳುಬಿದ್ದಿದ್ದ ಅಟ್ಟಣೆಗೆ ಯಾರೋ ಹೊಸ ಹಗ್ಗ ಬಿಗಿದಿದ್ದರು. ಗಟ್ಟಿ ಹಲಗೆ ಹಾಸಿದ್ದರು. ಬೊಡ್ಡೆಯ ಮೇಲೆ ಕಾಲಿಡಲು ಕಡಿದ ಮೆಟ್ಟಿಲಿನ ಗಾಯ ಇನ್ನೂ ಒಣಗಿರಲಿಲ್ಲ.

"ಯಾವನೋ ಬ್ಯಾಟಿಗೆ ತಯಾರಾಗ್ಯಾನ. ಅವನು ಹತ್ತೋದ್ರೊಳಗೆ ನಾವೇ ಹತ್ತಿ ಕೂಡೋಣ," ಎಂದ ಸಿದ್ದೇಶ್ ಅವಳ ಮುಖವನ್ನೇ ನೋಡಿದ್ದ. "ಊರಾಗ ಇದಕ್ಕೆ ಓಬಯ್ಯನ ಅಟ್ಟಣೆ ಅಂತಾರಂತಲ್ಲ ದುರ್ಗಾ?"

"ಅಪ್ಪ ಕೋವಿ ಮುಟ್ಟಿ ಭಾಳ ವರ್ಷ ಆತು ಸರ್. ಎಲೆಕ್ಷನ್ನಿಗಂತ ಠಾಣೆಗೆ ಕೊಟ್ಟಿದ್ದು, ವಾಪಸ್ ತರ್ಲೇ ಇಲ್ಲ."

"ತರ್ಲಿಲ್ಲ ಅಂತ ನಿನಗೆ ಹೇಳ್ಯಾರ. ಇರ್ಲಿ. ನಾನು ಪೊದಿಯಾಗ ಇರ್ತೀನಿ, ಅಲ್ಲಿಂದ ನನಗೇನೂ ಕಾಣಲ್ಲ. ಮರದ ಬುಡಕ್ಕೆ ಯಾರೇ ಬಂದ್ರೂ ಸೀಟಿ ಊದು. ಯಾರೇ ಬಂದ್ರೂ."

ಹತ್ತುವಾಗ ಅವಳು ಮೆಟ್ಟಿಲುಗಳನ್ನು ಕೈಯಲ್ಲಿ ಮುಟ್ಟಿ ನೋಡಿದ್ದಳು. ಒಂದರ ಮೇಲೊಂದು ಒತ್ತೊತ್ತಾಗಿದ್ದವು. ಅಪ್ಪ ಆರಡಿ ಆಳು. ಎರಡೇ ಹೆಜ್ಜೆಗೆ ಮೇಲಿರುತ್ತಿದ್ದವನು. ಇದು ಯಾರೋ ಗಿಡ್ಡನ ಕೆಲಸ ಎಂದುಕೊಂಡು ಸಮಾಧಾನಪಟ್ಟಿದ್ದಳು.

ಆ ಸಮಾಧಾನ ಈಗ ಜೋಳದ ಸಾಲಿನಲ್ಲಿ ಕುಂಟುತ್ತ ಬರುತ್ತಿತ್ತು.

ಮೊನ್ನೆಯ ಫೋನು ನೆನಪಾಯಿತು. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಬಾಡಿಗೆ ಕೋಣೆಯಿಂದ, ಹೊಸ ಕೆಲಸದ ಸಂಭ್ರಮದಲ್ಲಿ, ಊರ ಜೋಳಕ್ಕೇ ಕಾವಲು ಬೀಳುತ್ತದೆಂದು ಅವಳೇ ಹೇಳಿದ್ದಳು. ಯಾವತ್ತೂ ಎರಡು ಮಾತಿಗೆ ಫೋನಿಡುವ ಅಪ್ಪ ಅಂದು ಬಿಟ್ಟಿರಲಿಲ್ಲ.

"ಎಷ್ಟು ಮಂದಿ ಇರ್ತೀರವ್ವ?"

"ಇಬ್ರೇ. ನಾನು ಯಾವ್ದಾದ್ರೂ ಮರದ ಮ್ಯಾಲೆ, ಸಾಹೇಬ್ರು ಕೆಳಗೆ."

"ಎಷ್ಟೊತ್ತಿನ ತನಕ?"

"ಬಿಸಿಲೇರೋ ತನಕ. ಯಾಕಪ್ಪಾ?"

"ಏನಿಲ್ಲ ಬಿಡು. ನೀನು ಮ್ಯಾಲಿದ್ರೆ ನನಗ್ಯಾಕ ಭಯ?"

ಅಂದು ಅದು ಅಕ್ಕರೆಯೆನಿಸಿತ್ತು. ಇಂದು ಒಂದೊಂದು ಪ್ರಶ್ನೆಗೂ ಬೇರೆ ಅರ್ಥ ಬಂತು. ಮಗಳೇ ಮೇಲಿದ್ದರೆ ಬೇಟೆಗಾರನಿಗೆ ಯಾಕೆ ಭಯ?

ಬದುವಿನಾಚೆಯ ಬಯಲಿನಲ್ಲಿ ಜಿಂಕೆಗಳಿದ್ದವು. ತಿರುಚಿದ ಕೊಂಬಿನ ಕರಿಗಂಡೊಂದು ಕತ್ತೆತ್ತಿ ನಿಂತಿತ್ತು. ಓಬಯ್ಯ ಅದನ್ನು ನೋಡಿದ. ಬೆರಳನ್ನು ನಾಲಿಗೆಗೆ ಸೋಕಿಸಿ ಮೇಲೆತ್ತಿ ಗಾಳಿ ಯಾವ ಕಡೆಗಿದೆಯೆಂದು ಪರೀಕ್ಷಿಸಿದ. ಬಳಸು ದಾರಿ ಹಿಡಿದು, ಒಂದು ಕಡ್ಡಿಯೂ ಮುರಿಯದಂತೆ ಮರದತ್ತ ಬಂದ.

ಇಳಿಯುವಂತಿಲ್ಲ, ಕೂಗುವಂತಿಲ್ಲ. ಅವಳು ಊದಿದರೆ ಅಪ್ಪನಿಗೆ ಜೈಲು, ಈ ವಯಸ್ಸಿನಲ್ಲಿ. ಊದದಿದ್ದರೆ ಮೈಮೇಲಿನ ಖಾಕಿ ಬರೀ ಬಟ್ಟೆ. ಹಿಂದಕ್ಕೆ ಹೋಗಪ್ಪಾ, ಎಂದು ಅವಳ ತುಟಿ ಸದ್ದಿಲ್ಲದೆ ಅಲುಗಿತು. ಹಿಂದಕ್ಕೆ ಹೋಗು.

ಓಬಯ್ಯ ಮರದ ಬುಡಕ್ಕೆ ಬಂದ. ತಲೆಯೆತ್ತಿ ನೇರ ಅವಳ ಕಣ್ಣನ್ನೇ ನೋಡಿದ. ಅವನ ಮುಖ ಅರಳಿತು. ಬೆರಳನ್ನು ತುಟಿಯ ಮೇಲಿಟ್ಟು, ಸುಮ್ಮನಿರು ಎಂದು ಸನ್ನೆ ಮಾಡಿದ. ಆಮೇಲೆ ಹೆಗಲ ಮೇಲಿನ ಕಂಬಳಿಗೆ ಕೈ ಹಾಕಿದ.

ಆ ನಗುವೇ ಅವಳನ್ನು ಇರಿದದ್ದು. ಅಷ್ಟೊಂದು ನಂಬಿಕೆಯೇ, ಮಗಳು ಬಾಯಿ ಮುಚ್ಚಿಕೊಂಡಿರುತ್ತಾಳೆಂದು?

ದುರ್ಗಾ ಕಣ್ಣು ಮುಚ್ಚಿ ಸೀಟಿ ಊದಿದಳು.

ಜಿಂಕೆಗಳು ಚಿಮ್ಮಿದವು. ಪೊದೆಯಿಂದ ಹಾರಿಬಂದ ಸಿದ್ದೇಶ್ ಓಬಯ್ಯನ ರಟ್ಟೆ ಹಿಡಿದ. "ಏನ್ರಿ ಯಜಮಾನ್ರೆ, ಮಗಳ ಕಾವಲಿನಾಗೇ ಬ್ಯಾಟಿಗೆ ಬಂದ್ರಾ? ಬಿಚ್ರಿ ಅದನ್ನ!"

ಓಬಯ್ಯ ಬಿಚ್ಚಲಿಲ್ಲ. ಸಿದ್ದೇಶನೇ ಕಂಬಳಿ ಜಗ್ಗಿದ. ಜಗ್ಗಿದವನ ಕೈ ಹಾಗೆಯೇ ನಿಂತಿತು. ರಟ್ಟೆಯ ಮೇಲಿನ ಹಿಡಿತ ಮೆಲ್ಲಗೆ ಸಡಿಲಿತು.

ಅಟ್ಟಣೆಯ ಮೇಲಿದ್ದವಳು ಇನ್ನೂ ಕಣ್ಣು ತೆರೆದಿರಲಿಲ್ಲ. ಕೆಳಗಿನಿಂದ ಅಪ್ಪನ ಸ್ವರ ಬಂತು. ಅದರಲ್ಲಿ ಸಿಟ್ಟಿರಲಿಲ್ಲ.

"ಸರಿಯಾಗೇ ಊದಿದಿ ಬಿಡವ್ವ, ನಿನ್ ಕೆಲಸ ಅದು. ಜಿಂಕಿ ದಾರಿ ಇದೊಂದೇ, ಕೂಡ್ಸಿದ್ರೆ ನಿನ್ನ ಇಲ್ಲೇ ಕೂಡಿಸ್ತಾರ ಅಂತ ಗೊತ್ತಿತ್ತು. ಹಳೇ ಹಲಗಿ ಮುರ್ದು ಬಿದ್ದೀಯ ಅಂತ ಎಲ್ಲಾ ಹೊಸಾದು ಹಾಕೀನಿ. ಮೆಟ್ಲು ಕಾಲಿಗೆ ನಿಲುಕಿದ್ವಾ? ನಿನ್ನ ಅಳತಿಗಂತಲೇ ಒತ್ತೊತ್ತು ಕಡಿದೆ."

ಅವಳು ಕಣ್ಣು ತೆರೆದಳು. ಹಣ್ಣು ಕೀಳುವ ಬಿದಿರು ದೋಟಿಯೊಂದು ಸದ್ದಿಲ್ಲದೆ ಮೇಲೇರಿ ಬಂದು, ತುದಿಗೆ ಕಟ್ಟಿದ್ದ ಬಿಸಿ ರೊಟ್ಟಿಯ ಬುತ್ತಿಯನ್ನು ಅವಳ ಮಡಿಲ ಮುಂದೆ ಹಿಡಿಯಿತು.