ಬೆಚ್ಚಗಿನ ಮೂಲೆ

ಇಕ್ಕಳದ ತುದಿಯಲ್ಲಿ ಸತ್ತ ಇಲಿ ತೂಗಾಡುತ್ತಿತ್ತು. ಫ್ರೀಜರಿನಿಂದ ತೆಗೆದು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿದ್ದು. ತಾಯಿ ಮುಖವನ್ನು ಅತ್ತ ತಿರುಗಿಸಿ, ಜೀವ ಬಿಗಿಹಿಡಿದು, ಗಾಜಿನ ಪೆಟ್ಟಿಗೆಯೊಳಗೆ ಕೈ ಚಾಚಿದ್ದಳು. ದೊಡ್ಡ ಹೆಬ್ಬಾವು ತನ್ನ ಪಾಲನ್ನು ಆಗಲೇ ನುಂಗಿ ಮುಗಿಸಿತ್ತು. ಚಿಕ್ಕದು ತಲೆಯನ್ನು ಸುರುಳಿಯೊಳಗೆ ಹುದುಗಿಸಿಕೊಂಡಿತು. ಅದು ಬಾಯಿಗೇನೂ ಮುಟ್ಟಿಸದೆ ಇದು ಒಂಬತ್ತನೆಯ ವಾರ.

ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಳು. ಮತ್ತೆ ಇಳಿದಿತ್ತು. ಬೆನ್ನುಮೂಳೆ ಕೈಗೆ ತಾಗುತ್ತಿತ್ತು. ಅವಳಿ ಹೆಣ್ಣುಮಕ್ಕಳ ಹುಟ್ಟುಹಬ್ಬಕ್ಕೆಂದು ತಂದ ರಾಯಲ್ ಪೈಥಾನ್ ಎಂಬ ಪುಟ್ಟ ಜಾತಿಯ ಹೆಬ್ಬಾವುಗಳು ಇವು, ಒಬ್ಬೊಬ್ಬಳಿಗೆ ಒಂದು. ಎರಡು ಪೆಟ್ಟಿಗೆ ಬೇಕೆಂದು ಅಂಗಡಿಯವನು ಬಡಕೊಂಡಿದ್ದ. ಒಟ್ಟಿಗೆ ಮೊಟ್ಟೆಯೊಡೆದು ಬಂದವನ್ನು ಬೇರೆ ಮಾಡುವುದುಂಟೇ ಎಂದು ಇವಳೇ ಒಂದೇ ಪೆಟ್ಟಿಗೆ ತಂದಿದ್ದಳು.

ನಿನ್ನ ಹಾವಿಗೆ ಏನಾಗಿದೆ ಅನ್ನಿಸುತ್ತೆ ಎಂದು ಚಿಕ್ಕವಳನ್ನು ಕೇಳಿದಳು. ಚಿಕ್ಕವಳು ಅಕ್ಕನ ಮುಖ ನೋಡಿದಳು.

“ಅವಳಿಗೇನೂ ಅನ್ಸಲ್ಲಮ್ಮ,” ಎಂದಳು ಹತ್ತು ನಿಮಿಷ ಮೊದಲು ಹುಟ್ಟಿದ ದೊಡ್ಡವಳು. “ಅವಳ ಹಾವೂ ಅವಳ ಥರಾನೇ. ಹಸಿವೇ ಇಲ್ಲ.”

ಮೂವರೂ ನಕ್ಕರು. ಚಿಕ್ಕವಳು ಒಂದು ಗಳಿಗೆ ತಡವಾಗಿ ನಕ್ಕಳು.

ಹಾವನ್ನು ದಿಂಬಿನ ಚೀಲದಲ್ಲಿ ಹಾಕಿಕೊಂಡು ತಾಯಿ ಪ್ರಾಣಿವೈದ್ಯೆಯ ಬಳಿಗೆ ಓಡಿದಳು. ವೈದ್ಯೆ ಬಾಯಿ ಬಿಡಿಸಿ, ಹೊಟ್ಟೆ ಸವರಿ ನೋಡಿ, ರೋಗವೇನೂ ಇಲ್ಲ, ಎಲ್ಲಿಟ್ಟಿದ್ದೀರಿ ಎಂದು ಕೇಳಿದರು. ತಾಯಿ ಹೆಮ್ಮೆಯಿಂದ ಫೋನಿನಲ್ಲಿದ್ದ ಫೋಟೋ ತೋರಿಸಿದಳು. ಪೆಟ್ಟಿಗೆಯ ಬೆಚ್ಚಗಿನ ಮೂಲೆಯಲ್ಲಿ ಚಿಕ್ಕದರ ಮೇಲೆ ದೊಡ್ಡದು ಮೈಚೆಲ್ಲಿ ಮಲಗಿತ್ತು.

“ಎಷ್ಟು ಪ್ರೀತಿ ನೋಡಿ. ಯಾವಾಗ್ಲೂ ಹೀಗೇ ಅಪ್ಪಿಕೊಂಡಿರ್ತವೆ.”

“ಇದು ಅಪ್ಪುಗೆ ಅಲ್ಲಮ್ಮ. ಬೆಚ್ಚಗಿರೋ ಜಾಗ ಅದೊಂದೇ. ದೊಡ್ಡದು ಅದನ್ನ ಬಿಟ್ಟುಕೊಡ್ತಿಲ್ಲ.”

“ಚಿಕ್ಕದು ಒಂದಿನಾನೂ ಜಗಳ ಆಡಿಲ್ವಲ್ಲ.”

“ಆಡಲ್ಲ. ಸುಮ್ನೆ ತಿನ್ನೋದು ಬಿಟ್ಬಿಡುತ್ತೆ.”

ನೆಮ್ಮದಿಯಾಗಿ ನಿದ್ದೆ ಮಾಡುತ್ತಿದೆ ಅಂದುಕೊಂಡಿದ್ದೆ ಎಂದು ತಾಯಿ ಗೊಣಗಿದಳು. ಹಾವಿಗೆ ರೆಪ್ಪೆಯಿಲ್ಲ, ಮಲಗಿದೆಯೋ ಹೆದರಿಕೊಂಡು ಬಿದ್ದಿದೆಯೋ ನೋಡಿದವರಿಗೆ ತಿಳಿಯುವುದಿಲ್ಲ ಎಂದರು ವೈದ್ಯೆ.

ದಾರಿಯಲ್ಲೇ ಇನ್ನೊಂದು ಪೆಟ್ಟಿಗೆ ಕೊಂಡಳು. ಮನೆಗೆ ಬಂದಾಗ ಮಧ್ಯಾಹ್ನ, ಸದ್ದಿಲ್ಲ. ಚಿಕ್ಕ ಹಾವನ್ನು ಅದರ ಪಾಡಿಗೆ ಹೊಸ ಪೆಟ್ಟಿಗೆಯ ಬೆಚ್ಚನೆಯ ಗೂಡಿಗೆ ಬಿಟ್ಟು, ಮಕ್ಕಳಿಗೆ ತೋರಿಸೋಣವೆಂದು ಕೋಣೆಯ ಬಾಗಿಲು ತಳ್ಳಿದಳು.

ಹುಟ್ಟಿದಂದಿನಿಂದ ಇಬ್ಬರಿಗೂ ಒಂದೇ ಹಾಸಿಗೆ. ದೊಡ್ಡವಳು ಗಾಢ ನಿದ್ದೆಯಲ್ಲಿದ್ದಳು. ಅವಳ ತೋಳು ತಂಗಿಯ ಕತ್ತಿನ ಮೇಲೆ, ಕಾಲು ಸೊಂಟದ ಮೇಲೆ. ತಾಯಿ ಎಷ್ಟೋ ಸಲ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದ ನೋಟ. ಅಭ್ಯಾಸಬಲದಿಂದ ಕೈ ಫೋನಿನತ್ತ ಹೋಗಿ, ಅಲ್ಲೇ ನಿಂತಿತು.

ಗೋಡೆಗೆ ಒತ್ತಿಕೊಂಡು, ಮಿಸುಕಾಡದೆ, ಚಿಕ್ಕವಳು ಬಿದ್ದುಕೊಂಡಿದ್ದಳು. ಎರಡೂ ಕಣ್ಣು ತೆರೆದಿದ್ದವು.